ಟ್ರಾನ್ಸ್ ಜನ ಆಮೇಲೆ ಸೇರಿಕೊಂಡವರಲ್ಲ

ಪ್ರೈಡ್ ಅನ್ನುವ ಲೈಂಗಿಕ ಅಲ್ಪಸಂಖ್ಯಾತರ ಹಕ್ಕಿನ ಮೆರವಣಿಗೆ ಶುರು ಮಾಡಿದ್ದು ಗೇ ಗಂಡಸರು, ಟ್ರಾನ್ಸ್ ಜನ ಆಮೇಲೆ ಬಂದು ಸೇರಿಕೊಂಡರಾ ಅಂತ ಕೇಳಿದ್ದೀರಿ. ಇಲ್ಲ ಕಣ್ರೀ. ಎಲ್ಲರೂ 1969ರ ನ್ಯೂಯಾರ್ಕಿನ ಸ್ಟೋನ್‌ವಾಲ್ ಗೇ ಬಾರಿಗೆ ಪೊಲೀಸರು ನುಗ್ಗಿದಾಗ ಎದ್ದ ಗಲಾಟೆಯಿಂದ ಕಥೆ ಶುರು ಮಾಡುತ್ತಾರೆ, ಅಲ್ವಾ? ಅದಕ್ಕೂ ಮೂರು ವರ್ಷ ಮೊದಲೇ ಸ್ಯಾನ್ ಫ್ರಾನ್ಸಿಸ್ಕೋದ ಕಾಂಪ್ಟನ್ಸ್ ಅನ್ನುವ ಹೋಟೆಲಿನಲ್ಲಿ, ಪೊಲೀಸಿನವನು ಹಿಡಿದೆಳೆಯಲು ಬಂದಾಗ ಟ್ರಾನ್ಸ್ ಹೆಂಗಸೊಬ್ಬರು ಕಾಫಿಯನ್ನು ಅವನ ಮುಖಕ್ಕೇ ಎರಚಿದರಂತೆ. ಆಮೇಲೆ ಕಪ್ಪು, ತಟ್ಟೆ ಎಲ್ಲ ಹಾರಾಡಿ ಕಿಟಕಿ ಗಾಜು ಪುಡಿಪುಡಿ.

ನಿಜವಾಗಿ ಬೇಜಾರಾಗುವುದು ಮುಂದಿನ ಮಾತು. 1973ರ ನ್ಯೂಯಾರ್ಕ್ ಪ್ರೈಡ್‌ನಲ್ಲಿ ಟ್ರಾನ್ಸ್ ಹೋರಾಟಗಾರ್ತಿ ಸಿಲ್ವಿಯಾ ರಿವೆರಾ ಜಗಳ ಮಾಡಿಕೊಂಡೇ ವೇದಿಕೆ ಹತ್ತಬೇಕಾಯಿತು. ಎದುರಿಗಿದ್ದ ಅವರದೇ ಜನ ಕೂಗಿ ಗಲಾಟೆ ಮಾಡಿದರು. ಜೈಲಿನಲ್ಲಿ ಏಟು ತಿನ್ನುತ್ತಿರುವ ನಮ್ಮವರ ಪಾಡೇನು ಅಂತ ಆಕೆ ಗಂಟಲು ಹರಿಯುವ ಹಾಗೆ ಕಿರುಚಿದ್ದರು. ಅದರ ವಿಡಿಯೋ ಇದೆ, ಚಿಕ್ಕದು, ನೋಡಿ.