ಎನ್‌ಕ್ಲೆಕ್ಸ್ ಒಂದು ಸಲ ಫೇಲಾದ ಮೇಲೆ ಮತ್ತೆ ಓದೋದು ಹೇಗೆ?

ಎನ್‌ಕ್ಲೆಕ್ಸ್‌ನಲ್ಲಿ, ಅಂದರೆ ಅಮೆರಿಕದಲ್ಲಿ ನರ್ಸ್ ಆಗೋದಕ್ಕೆ ಬರೆಯೋ ಲೈಸೆನ್ಸ್ ಪರೀಕ್ಷೆಯಲ್ಲಿ, 150 ಪ್ರಶ್ನೆ ಬರೆದೂ ಫೇಲಾಯಿತು, 45 ದಿನ ಆದ ತಕ್ಷಣ ಮತ್ತೆ ಬರೆಯಲಾ, ಮನೆಯಲ್ಲಿ ಏನು ಹೇಳಲಿ ಅಂತ ಕೇಳಿದ್ದೀರಿ. ನಾನು ದಾವಣಗೆರೆಯವಳು. ಬಿಎಸ್ಸಿ ನರ್ಸಿಂಗ್ ಮುಗಿಸಿ ಇಲ್ಲೇ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುತ್ತಲೇ ಬರೆದೆ. ಮೊದಲ ಸಲ ಫೇಲ್, ನನಗೂ 150ರ ತನಕ ಎಳೆದಿತ್ತು. ಎರಡನೇ ಸಲ ಪಾಸಾದೆ.

ಮೊದಲು ಆ 150ರ ವಿಷಯ. ಸರಿ ಉತ್ತರ ಕೊಟ್ಟರೆ ಕಂಪ್ಯೂಟರ್ ಇನ್ನೂ ಕಷ್ಟದ್ದು ಕೊಡುತ್ತೆ, ತಪ್ಪಾದರೆ ಸುಲಭದ್ದು. ನೀವು ಪಾಸ್ ಗೆರೆಯ ಮೇಲಿದ್ದೀರೋ ಕೆಳಗಿದ್ದೀರೋ ಅಂತ ಅದಕ್ಕೆ ಶೇ. 95ರಷ್ಟು ಖಾತ್ರಿಯಾದರೆ 85 ಪ್ರಶ್ನೆ ಆದ ಮೇಲೆ ಯಾವಾಗ ಬೇಕಾದರೂ ನಿಲ್ಲಿಸುತ್ತೆ. 150ರ ತನಕ ಹೋಯಿತು ಅಂದರೆ ಕೊನೆಯವರೆಗೂ ಅದಕ್ಕೆ ತೀರ್ಮಾನ ಆಗಲಿಲ್ಲ, ನೀವು ಗೆರೆಯ ಪಕ್ಕದಲ್ಲೇ ಓಡಾಡುತ್ತಿದ್ದಿರಿ ಅಂತಲೇ ಅರ್ಥ. ಏನೂ ಬರದವರಿಗೆ ಅಷ್ಟು ದೂರ ಹೋಗಲ್ಲ.

ಮನೆಯಲ್ಲಿ ಹೇಳೋದು... ನಾನು ಮೂರು ದಿನ ಹೇಳಲಿಲ್ಲ, ನೈಟ್ ಡ್ಯೂಟಿ ನೆಪದಲ್ಲಿ ಮುಸುಕು ಹಾಕಿ ಮಲಗಿದ್ದೆ. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡೋರು, ಫೀಸಿಗೆ ಅಮ್ಮ ಸಂಘದಲ್ಲಿ ಸಾಲ ತೆಗೆದಿದ್ದರು. ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು, "ಮತ್ತೆ ಎಷ್ಟು ಕಟ್ಟಬೇಕು?" 200 ಡಾಲರ್ ಪರೀಕ್ಷೆಗೆ, ಅಮೆರಿಕದ ಹೊರಗೆ ಬರೆಯೋದಕ್ಕೆ 150 ಡಾಲರ್ ಬೇರೆ, ಮೇಲೆ ಟ್ಯಾಕ್ಸು, 30 ಸಾವಿರಕ್ಕೆ ಕಮ್ಮಿ ಇಲ್ಲ ಅಂದೆ. ಎಷ್ಟು ಚೀಲ ಮಂಡಕ್ಕಿ ಆಗುತ್ತೆ ಅಂತ ಬೆರಳು ಮಡಚಿ ಲೆಕ್ಕ ಹಾಕಿದರು, ಊಟಕ್ಕೆ ಎದ್ದರು. ಮುಚ್ಚಿಡಬೇಡಿ, ದುಡ್ಡಿನ ಲೆಕ್ಕವನ್ನೂ ಸರಿಯಾಗಿ ಹೇಳಿ. ಆದರೆ ಓಣಿಗೆಲ್ಲ ಹೇಳೋದು ಬೇಡ. ಪಕ್ಕದ ಮನೆ ಆಂಟಿ "ಯಾವಾಗ ಹೊಂಟಿ ಅಮೆರಿಕಕ್ಕೆ?" ಅಂತ ದಿನಾ ಕೇಳೋರು, "ಇನ್ನೂ ಪೇಪರ್ ಬರಬೇಕು ಆಂಟಿ" ಅಂತ ಆರು ತಿಂಗಳು ತಳ್ಳಿದೆ.

45 ದಿನ ಅನ್ನೋದು ಕಾಯಲೇಬೇಕಾದ ಕನಿಷ್ಠ ಅವಧಿ, ಅದಾದ ತಕ್ಷಣ ಮತ್ತೆ ಬರೆಯಲೇಬೇಕು ಅಂತೇನಿಲ್ಲ. ಹೊಸದಾಗಿ ರಿಜಿಸ್ಟರ್ ಆಗಿ ಹೊಸ ಎಟಿಟಿ, ಅಂದರೆ ಪರೀಕ್ಷೆ ಬರೆಯೋ ಅನುಮತಿ ಪತ್ರ, ತಗೊಳ್ಳಬೇಕು. ನೀವು ಅರ್ಜಿ ಹಾಕಿರೋ ಅಮೆರಿಕದ ರಾಜ್ಯದ ನರ್ಸಿಂಗ್ ಬೋರ್ಡ್ ಎಷ್ಟು ಸಲ ಬಿಡುತ್ತೆ ಅಂತಾನೂ ನೋಡಿಕೊಳ್ಳಿ. ನಾನು ನಾಲ್ಕು ತಿಂಗಳು ತಗೊಂಡೆ.

ಈಗ ಮುಖ್ಯವಾದದ್ದು. ಫೇಲಾದವರಿಗೆ ಪರ್ಫಾರ್ಮೆನ್ಸ್ ರಿಪೋರ್ಟ್ ಕೊಡುತ್ತಾರೆ, ಬೇಜಾರಲ್ಲಿ ಅದನ್ನು ತೆಗೆದು ನೋಡದೇ ಇರಬೇಡಿ. ಒಂದೊಂದು ವಿಭಾಗದಲ್ಲಿ ನೀವು ಗೆರೆಯ ಮೇಲೆ, ಹತ್ತಿರ, ಕೆಳಗೆ ಅಂತ ಇರುತ್ತೆ. ನನಗೆ ಔಷಧಿ ಭಾಗ ಹತ್ತಿರ ಇತ್ತು, ಮ್ಯಾನೇಜ್‌ಮೆಂಟ್ ಆಫ್ ಕೇರ್, ಅಂದರೆ ಯಾರನ್ನು ಮೊದಲು ನೋಡಬೇಕು, ಯಾರಿಗೆ ಯಾವ ಕೆಲಸ ಕೊಡಬೇಕು ಅನ್ನೋ ಭಾಗ, ಕೆಳಗೆ. ಸಿಟ್ಟು ಬಂತು. ಮೂವತ್ತು ಬೆಡ್ಡಿನ ವಾರ್ಡನ್ನು ರಾತ್ರಿ ಇಬ್ಬರೇ ನೋಡಿಕೊಳ್ಳುವ ನನಗೆ ಮ್ಯಾನೇಜ್‌ಮೆಂಟ್ ಬರಲ್ವಾ?

ಬರುತ್ತಿತ್ತು, ಆದರೆ ನಮ್ಮ ವಾರ್ಡಿನದ್ದು. ಒಂದು ಪ್ರಾಕ್ಟೀಸ್ ಪ್ರಶ್ನೆ ಹೇಳುತ್ತೇನೆ. ನಾಲ್ಕು ಜನ ಪೇಷೆಂಟ್, ಯಾರನ್ನು ಮೊದಲು ನೋಡುತ್ತೀರಿ? ಸೊಂಟದ ಆಪರೇಷನ್ ಆಗಿ ಎರಡನೇ ದಿನ, ನೋವು ಹತ್ತಕ್ಕೆ ಎಂಟು. ಶುಗರ್ 210 ಇರೋರು. ನ್ಯುಮೋನಿಯಾ, ಜ್ವರ 101. ಥೈರಾಯ್ಡ್ ತೆಗೆಸಿಕೊಂಡವರು, ಬಾಯಿ ಸುತ್ತ ಜುಮುಜುಮು ಅಂತಿದ್ದಾರೆ. ನಾನು ಒತ್ತಿದ್ದು ನೋವಿನವರನ್ನು. ಯಾಕೆ ಅಂದರೆ ನಮ್ಮಲ್ಲಿ ನೋವಿನವರ ಕಡೆಯ ನಾಲ್ಕು ಜನ ಬಂದು ನರ್ಸಿಂಗ್ ಸ್ಟೇಷನ್ ಮುಂದೆ ನಿಂತಿರುತ್ತಾರೆ! ಸರಿ ಉತ್ತರ ಥೈರಾಯ್ಡ್‌ನವರು. ಥೈರಾಯ್ಡ್ ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿಗೆ ಪೆಟ್ಟಾಗಿ ಕ್ಯಾಲ್ಸಿಯಂ ಇಳಿದಿರಬಹುದು, ಗಂಟಲು ಬಿಗಿದು ಉಸಿರೇ ನಿಲ್ಲಬಹುದು. ಇದನ್ನು ನಾನು ಓದಿರಲಿಲ್ಲ ಅಂತಲ್ಲ, ಓದಿದ್ದೆ. ಕೈ ಮಾತ್ರ ಅಭ್ಯಾಸದ ಕಡೆಗೆ ಹೋಯಿತು.

ಕೆಲಸ ಹಂಚೋ ಪ್ರಶ್ನೆಗಳೂ ಹಾಗೇ. ನಮ್ಮಲ್ಲಿ ಆಯಾ, ಪೇಷೆಂಟ್ ಕಡೆಯವರು, ಯಾರು ಸಿಕ್ಕರೆ ಅವರು. ಅಲ್ಲಿ ಸಹಾಯಕರಿಗೆ ಸ್ನಾನ, ಸ್ಟೇಬಲ್ ಇರೋರ ಬಿಪಿ ಇಂಥದ್ದು ಕೊಡಬಹುದು, ಪೇಷೆಂಟನ್ನು ಅಸೆಸ್ ಮಾಡೋದು, ತಿಳಿಸಿ ಹೇಳೋದು ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್, ಕೆಲಸವೇ.

ಅದಕ್ಕೇ ಓದೋ ರೀತಿ ಬದಲಾಯಿಸಿದೆ. ಮೊದಲು ಡ್ಯೂಟಿ ಮುಗಿಸಿ ಬಂದು 75 ಪ್ರಶ್ನೆ ಬಡಿದು, ಪರ್ಸೆಂಟೇಜ್ ನೋಡಿ ಮಲಗುತ್ತಿದ್ದೆ. ಎರಡನೇ ಸಲ ದಿನಕ್ಕೆ 25 ಅಷ್ಟೇ, ಆದರೆ ಪ್ರತಿ ತಪ್ಪಿಗೂ 200 ಪೇಜಿನ ನೋಟ್‌ಬುಕ್ಕಲ್ಲಿ ಒಂದು ಸಾಲು, ಕನ್ನಡದಲ್ಲೇ. "ಫಸ್ಟ್ ಅನ್ನೋ ಪದ ನೋಡಲಿಲ್ಲ." "ಪೇಷೆಂಟನ್ನು ನೋಡೋ ಮುಂಚೆ ಡಾಕ್ಟರಿಗೆ ಫೋನ್ ಮಾಡಿದೆ." "ಗೊತ್ತೇ ಇರಲಿಲ್ಲ." ತಿಂಗಳಾದ ಮೇಲೆ ತಿರುಗಿಸಿ ನೋಡಿದರೆ "ಗೊತ್ತೇ ಇರಲಿಲ್ಲ" ಅನ್ನೋದು ಕಮ್ಮಿ, ಡಾಕ್ಟರಿಗೆ ಫೋನ್ ಮಾಡಿದ್ದೇ ಜಾಸ್ತಿ. ಕೋಚಿಂಗಿಗೆ ಮತ್ತೆ ದುಡ್ಡು ಸುರಿಯೋ ಮುಂಚೆ ಈ ನೋಟ್‌ಬುಕ್ ಒಂದು ಮಾಡಿ ನೋಡಿ.

ಇನ್ನೊಂದು, ಅನ್ವಯಿಸುವ ಎಲ್ಲವನ್ನೂ ಆರಿಸಿ ಅನ್ನೋ ಪ್ರಶ್ನೆಗಳು. 2023ರ ಏಪ್ರಿಲ್‌ನಿಂದ ಇವಕ್ಕೆ ಅರ್ಧಂಬರ್ಧ ಅಂಕವೂ ಸಿಗುತ್ತೆ, ಆದರೆ ತಪ್ಪು ಆಯ್ಕೆ ಒತ್ತಿದರೆ ಸಿಕ್ಕಿದ್ದರಲ್ಲಿ ಕಳೆಯುತ್ತಾರೆ. ಸುಮ್ನೆ ಎಲ್ಲಾ ಒತ್ತಿಬಿಡು ಅಂತ ಹೇಳೋರ ಮಾತು ಕೇಳಬೇಡಿ. ಔಷಧಿ ಹೆಸರೂ ಅಷ್ಟೇ, ನಾವು ಬಾಯಿ ತುಂಬ ಲ್ಯಾಸಿಕ್ಸ್ ಅಂತೀವಿ, ಅಲ್ಲಿ ಫ್ಯುರೋಸೆಮೈಡ್. ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸೆಟಮಿನೊಫೆನ್. ನಾನು ಡ್ರಗ್ ಟ್ರಾಲಿ ತಳ್ಳುವಾಗಲೇ ಪ್ರತಿ ಸ್ಟ್ರಿಪ್ಪಿನ ಸಣ್ಣಕ್ಷರ ಓದುತ್ತಿದ್ದೆ, ಜೊತೆಯವರು ನಕ್ಕರು, ನಗಲಿ.

ಮೊದಲ ಸಲ ರಾತ್ರಿ ಟ್ರೈನಲ್ಲಿ ಬೆಂಗಳೂರಿಗೆ ಹೋಗಿ, ನಿದ್ದೆ ಇಲ್ಲದೆ ಬೆಳಿಗ್ಗೆ ನೇರ ಸೆಂಟರಿಗೆ ಹೋಗಿದ್ದೆ. ಐದು ಗಂಟೆಯಲ್ಲಿ ಒಂದು ಬ್ರೇಕೂ ತಗೊಳ್ಳಲಿಲ್ಲ, ಟೈಮ್ ಹೋಗುತ್ತೆ ಅಂತ ಭಯ. ಕೊನೆಯ ನಲವತ್ತು ಪ್ರಶ್ನೆ ಏನು ಓದಿದೆನೋ ದೇವರಿಗೇ ಗೊತ್ತು. ಎರಡನೇ ಸಲ ಒಂದು ದಿನ ಮುಂಚೆ ಚಿಕ್ಕಮ್ಮನ ಮನೆಗೆ ಹೋಗಿ ಮಲಗಿದೆ, ಪರೀಕ್ಷೆ ಶುರುವಾಗಿ ಎರಡು ಗಂಟೆ ಆದಾಗ ಎದ್ದು ಹೋಗಿ ಮುಖ ತೊಳೆದು ಅಮ್ಮ ಕಟ್ಟಿಕೊಟ್ಟಿದ್ದ ಶೇಂಗಾ ಉಂಡೆ ತಿಂದೆ.

ನಿಮ್ಮ ರಿಪೋರ್ಟಲ್ಲಿ ಯಾವ್ಯಾವುದು ಕೆಳಗೆ ಬಂದಿದೆ ಅಂತ ಇಲ್ಲೇ ಬರೆಯಿರಿ. ಮ್ಯಾನೇಜ್‌ಮೆಂಟ್ ಆಗಿದ್ದರೆ ನನ್ನ ನೋಟ್‌ಬುಕ್ಕಿನ ಫೋಟೋ ಕಳಿಸುತ್ತೇನೆ, ಅಕ್ಷರ ಮಾತ್ರ ಕಾಗೆ ಕಾಲು.