ಟ್ರ್ಯಾಕ್‌ಗೆ ಯಾವ ಟೈರ್? ಮೊದಲು ಅಲ್ಲಿಗೆ ಹೋಗುವ ದಾರಿ ನೋಡಿ

ಬಂದಿರುವ ಪ್ರಶ್ನೆಗಳಲ್ಲಿ ಬಹುಪಾಲು ಹಳೆಯವೇ. ಉತ್ತರ ಕೊಟ್ಟಷ್ಟೂ ಅದೇ ತಪ್ಪು ತಿಳಿವಳಿಕೆ ಬೇರೆ ವೇಷದಲ್ಲಿ ತಿರುಗಿ ಬರುತ್ತದೆ. ಹಾಗಾಗಿ ಮುಖ್ಯವಾದ ಒಂದಕ್ಕೆ ವಿವರವಾಗಿ, ಉಳಿದವಕ್ಕೆ ಬೇಕಾದಷ್ಟೇ ಬರೆಯುತ್ತೇನೆ. ಟೈರ್ ಮೇಲಿನ ಅಳತೆ ಓದಲು ನಿಮಗೆ ಬರುತ್ತದೆ ಎಂದುಕೊಂಡಿದ್ದೇನೆ.

ಪ್ರಶ್ನೆ: ಸರ್, ನನ್ನ ಕಡೆ ವರ್ಟಸ್ ಜಿಟಿ ಐತಿ, ಟೈರ್ 205/55 ಆರ್16. ವರ್ಷಕ್ಕ ಎರಡು ಸಲ ಗೆಳೆಯರ ಜೋಡಿ ಚೆನ್ನೈ ಟ್ರ್ಯಾಕ್‌ಗೆ ಹೋಗತೀನಿ, ಉಳಿದ ದಿನ ಹುಬ್ಬಳ್ಳಿ-ಧಾರವಾಡ ಓಡಾಟ. ಈ ಸಲ ಸೆಮಿ ಸ್ಲಿಕ್ ಹಾಕಸಬೇಕಂತ ಮಾಡೇನಿ. 225 ಅಗಲದ್ದು ಹಾಕಸು, ಟ್ರೆಡ್‌ವೇರ್ 200ಕ್ಕಿಂತ ಕಡಿಮಿ ಇರೋದು ತಗೋ ಅಂತ ಗೆಳೆಯರು ಹೇಳತಾರ. ಯಾವುದು ತಗೊಳ್ಳಿ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಸೆಮಿ ಸ್ಲಿಕ್, ಅಂದರೆ ಗೀರು ಕಡಿಮೆ ಇರುವ ಟ್ರ್ಯಾಕ್ ಟೈರ್, ಬೇಡ. 225 ಕೂಡ ಬೇಡ.

ಟ್ರ್ಯಾಕ್ ದಿನದಲ್ಲಿ ನಿಮ್ಮ ಕಾರು ನಿಜವಾಗಿ ಜೋರಾಗಿ ಓಡುವುದು ಹದಿನೈದು-ಇಪ್ಪತ್ತು ನಿಮಿಷದ ನಾಲ್ಕೈದು ಸೆಷನ್‌ಗಳಲ್ಲಿ ಮಾತ್ರ. ಆದರೆ ಚೆನ್ನೈ ಟ್ರ್ಯಾಕ್ ಇರುವ, ಶ್ರೀಪೆರಂಬುದೂರು ಪಕ್ಕದ ಇರುಂಗಟ್ಟುಕೋಟ್ಟೈ ಮುಟ್ಟಲು ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು, ಬೆಂಗಳೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಸುಮಾರು 700 ಕಿ.ಮೀ. ಹೆದ್ದಾರಿಯಲ್ಲಿ ಹೋಗಬೇಕು. ಬರುವಾಗ ಮತ್ತೆ ಅಷ್ಟೇ ದೂರ, ಅದೂ ದಣಿದು, ಬಹುಶಃ ರಾತ್ರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆ ಕಡೆ ಮಳೆ. ನಿಮ್ಮ ಟೈರ್ ಆಯ್ಕೆ ನಿರ್ಧಾರವಾಗಬೇಕಾದದ್ದು ಲ್ಯಾಪ್ ಟೈಮ್ ಮೇಲಲ್ಲ, ಈ 1,400 ಕಿ.ಮೀ. ಮೇಲೆ.

ಸೆಮಿ ಸ್ಲಿಕ್‌ನಲ್ಲಿ ನೀರು ಹೊರಹಾಕುವ ಗೀರುಗಳೇ ಕಡಿಮೆ. ಹೊಸದರಲ್ಲೂ ಅವುಗಳ ಆಳ ರಸ್ತೆ ಟೈರಿನದಕ್ಕಿಂತ ಕಡಿಮೆ ಇರುತ್ತದೆ. ಎರಡು ಟ್ರ್ಯಾಕ್ ದಿನ ಮುಗಿಸಿ 3 ಮಿ.ಮೀ.ಗೆ ಬಂದ ಸೆಮಿ ಸ್ಲಿಕ್, ನೀರು ನಿಂತ ಹೆದ್ದಾರಿಯಲ್ಲಿ 80ರ ವೇಗಕ್ಕೇ ತೇಲಬಹುದು. 1.6 ಮಿ.ಮೀ. ತನಕ ಕಾನೂನು ಒಪ್ಪುತ್ತದೆ ಎಂದು ವಾದಿಸುವವರಿಗೆ ಒಂದು ಮಾತು: ಅದು ದಂಡ ತಪ್ಪಿಸುವ ಅಳತೆ, ಮಳೆಯಲ್ಲಿ ಜೀವ ಉಳಿಸುವ ಅಳತೆ ಅಲ್ಲ. ಇನ್ನೊಂದು ತೊಂದರೆ ಶಾಖದ್ದು. ಅದರ ಕಂಪೌಂಡ್ (ರಬ್ಬರ್ ಮಿಶ್ರಣ) ಚೆನ್ನಾಗಿ ಹಿಡಿಯಬೇಕಾದರೆ ಸುಮಾರು 80 ಡಿಗ್ರಿಯಷ್ಟು ಕಾಯಬೇಕು. ಜುಲೈ ತಿಂಗಳ ಬೆಳಿಗ್ಗೆ ಉಣಕಲ್‌ನಿಂದ ಧಾರವಾಡಕ್ಕೆ ಹೋಗುವ ಓಡಾಟದಲ್ಲಿ ಅದು ಎಂದೂ ಅಷ್ಟು ಕಾಯುವುದಿಲ್ಲ. ತಣ್ಣಗಿದ್ದು ಒದ್ದೆಯಾದ ಸೆಮಿ ಸ್ಲಿಕ್ ಸಾಧಾರಣ ಟೈರಿಗಿಂತಲೂ ಕಡೆ. ಅಣ್ಣಿಗೇರಿ, ನವಲಗುಂದ ಕಡೆ ಟ್ರ್ಯಾಕ್ಟರ್ ಗಾಲಿಯಿಂದ ಡಾಂಬರಿನ ಮೇಲೆ ಬಿದ್ದ ಎರಿ ಮಣ್ಣಿನ ಮೇಲೆ ಹನಿ ಮಳೆ ಆದಾಗ ಏನಾಗುತ್ತದೆ ಎಂದು ನಿಮಗೆ ಗೊತ್ತೇ ಇದೆ.

ಇನ್ನು ಟ್ರೆಡ್‌ವೇರ್ ಅಂಕಿ, ಅಂದರೆ ನೆಲ ಮುಟ್ಟುವ ಮೈ (ಟ್ರೆಡ್) ಸವೆಯುವ ಲೆಕ್ಕ; ಅಂಕಿ ಹೆಚ್ಚಿದ್ದಷ್ಟೂ ಸವೆತ ನಿಧಾನ. ಅದನ್ನು ಮಾರ್ಕ್ಸ್ ಕಾರ್ಡಿನಂತೆ ಓದುವುದನ್ನು ದಯವಿಟ್ಟು ನಿಲ್ಲಿಸಿ. ಅಮೆರಿಕದ ಟೆಕ್ಸಾಸ್‌ನಲ್ಲಿ ಸುಮಾರು 640 ಕಿ.ಮೀ. ಸುತ್ತಿನ ಒಂದು ರಸ್ತೆ ಇದೆ. ಅಲ್ಲಿ ಒಟ್ಟು 11,500 ಕಿ.ಮೀ.ಯಷ್ಟು ಓಡಿಸಿ, 100 ಎಂದು ಗೊತ್ತುಮಾಡಿದ ಮಾದರಿ ಟೈರಿನ ಸವೆತದ ಜೊತೆ ಹೋಲಿಸಿ ಈ ಅಂಕಿ ತೆಗೆಯುತ್ತಾರೆ. ಕೊನೆಗೆ ಅಂಕಿ ಘೋಷಿಸುವುದು ಕಂಪನಿಯೇ. ಆದ್ದರಿಂದ ಒಂದೇ ಕಂಪನಿಯ ಎರಡು ಟೈರ್ ಹೋಲಿಸಲು ಅದು ಉಪಯೋಗಕ್ಕೆ ಬರುತ್ತದೆ. ಮಿಷೆಲಿನ್‌ನ ಪೈಲಟ್ ಸ್ಪೋರ್ಟ್ 4 ಎಸ್‌ಗೆ 300, ಅದೇ ಮನೆಯ ಕಪ್ 2ಗೆ 180 ಎಂದಾಗ ಯಾವುದು ರಸ್ತೆಗೆ, ಯಾವುದು ಟ್ರ್ಯಾಕ್‌ಗೆ ಎಂದು ತಿಳಿಯುತ್ತದೆ. ಒಂದು ಕಂಪನಿಯ 200ನ್ನು ಇನ್ನೊಂದರ 240ರ ಪಕ್ಕ ಇಟ್ಟು ಹಿಡಿತ ಅಳೆಯಲು ಬರುವುದಿಲ್ಲ. ಆ ಅಂಕಿ ಹಿಡಿತವನ್ನು ಅಳೆಯುವುದೇ ಇಲ್ಲ. ಅದರ ಪಕ್ಕದಲ್ಲೇ ಇರುವ ಟ್ರ್ಯಾಕ್ಷನ್ ಅಕ್ಷರ ನೋಡಿ. ಅದು ಒದ್ದೆ ನೆಲದ ಮೇಲೆ ನೇರ ಬ್ರೇಕ್ ಹಾಕಿ ಕೊಟ್ಟದ್ದು. ನಿಮಗೆ ಎ ಅಥವಾ ಎಎ ಇರಲಿ, ಟೆಂಪರೇಚರ್ ಎ ಇರಲೇಬೇಕು.

225ರ ವಿಷಯ. 225/50 ಆರ್16 ಹಾಕಿದರೆ ಗಾಲಿಯ ಹೊರ ವ್ಯಾಸ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ: 205/55ಕ್ಕೆ 631.9 ಮಿ.ಮೀ., ಇದಕ್ಕೆ 631.4. ಲೆಕ್ಕ ಸರಿ ಬಂತು ಎಂದು ಅಂಗಡಿಯವರು ಹಾಕಿಯೇ ಬಿಡುತ್ತಾರೆ. ಆದರೆ 225/50ಗೆ ಮಾನದಂಡವಾಗಿ ಗೊತ್ತುಮಾಡಿದ ರಿಮ್ 7 ಇಂಚು ಅಗಲದ್ದು. ಅದಕ್ಕಿಂತ ಕಿರಿದಾದ ರಿಮ್ ಮೇಲೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಒಳಕ್ಕೆ ಎಳೆದುಕೊಂಡು ನಿಲ್ಲುತ್ತದೆ, ತಿರುವಿನಲ್ಲಿ ಟೈರ್ ಪಕ್ಕಕ್ಕೆ ವಾಲಿ ಸ್ಟಿಯರಿಂಗ್ ಮಂದವಾಗುತ್ತದೆ. ಅಗಲ ಹೆಚ್ಚಿದಷ್ಟೂ ನೀರಿನ ಮೇಲೆ ಬೇಗ ತೇಲುತ್ತದೆ. 17 ಇಂಚಿನ ಡಿಸ್ಕ್ (ರಿಮ್) ಹಾಕಿಸಿ 225/45ಕ್ಕೆ ಹೋದರೆ ರಿಮ್ ಕನಿಷ್ಠ 7 ಇಂಚು ಬೇಕು. ಸೈಡ್‌ವಾಲ್ 113 ಮಿ.ಮೀ.ಯಿಂದ 101ಕ್ಕೆ ಇಳಿಯುತ್ತದೆ, ಮಳೆಗಾಲ ಮುಗಿದ ಮೇಲೆ ಊರೊಳಗಿನ ಒಂದು ಗುಂಡಿಗೆ ಟೈರ್ ಉಬ್ಬಿ ನಿಲ್ಲುತ್ತದೆ. ಉಬ್ಬಿದ ಟೈರಿಗೆ ಔಷಧಿ ಇಲ್ಲ, ತೆಗೆದು ಎಸೆಯುವುದೇ.

ಹಾಗಾದರೆ ಕೊಳ್ಳುವುದು ಏನು? ಅದೇ 205/55 ಆರ್16 ಅಳತೆಯಲ್ಲಿ, ಲೋಡ್ ಇಂಡೆಕ್ಸ್ 91ಕ್ಕೆ ಕಡಿಮೆ ಇಲ್ಲದ, ಅಂದರೆ ಗಾಲಿಗೆ 615 ಕೆ.ಜಿ. ಹೊರುವ, ವಿ ಅಥವಾ ಡಬ್ಲ್ಯೂ ವೇಗದ ಗುರುತಿನ, ಟ್ರೆಡ್‌ವೇರ್ 280ರಿಂದ 340ರ ಆಸುಪಾಸಿನ ಅಲ್ಟ್ರಾ ಹೈ ಪರ್ಫಾರ್ಮೆನ್ಸ್ ರಸ್ತೆ ಟೈರ್. ನೀವು 240 ಕಿ.ಮೀ. ವೇಗದಲ್ಲಿ ಹೋಗುವುದಿಲ್ಲ, ಗೊತ್ತು. ವಿ ಗುರುತು ಬೇಕಾದದ್ದು ಆ ವೇಗಕ್ಕಲ್ಲ, ಆ ಟೈರಿನ ಒಳಗಟ್ಟು ಶಾಖ ತಡೆಯುತ್ತದೆ ಎಂಬುದಕ್ಕೆ. ಕಂಪನಿ ಯಾವುದೆಂದು ಕೇಳಬೇಡಿ. ನಾಲ್ಕೂ ಒಂದೇ ಮಾದರಿಯವು ಇರಲಿ, ತಯಾರಿಯ ವಾರ-ವರ್ಷದ ನಾಲ್ಕಂಕಿ ನೋಡಿ, ಎರಡು ವರ್ಷಕ್ಕಿಂತ ಹಳೆಯದಿದ್ದರೆ ವಾಪಸ್ ಮಾಡಿ. ಒಳ್ಳೆಯ ಸರಕಿಗೆ ಬೆಂಗಳೂರಿನಿಂದ ತರಿಸಬೇಕಾದರೆ ಒಂದು ವಾರ ಕಾಯಿರಿ, ಅಂಗಡಿಯಲ್ಲಿ ಕೂತಿರುವುದನ್ನು ಅವಸರಕ್ಕೆ ಹಾಕಿಸಬೇಡಿ.

ಹೊಸ ಟೈರ್ ಹಾಕಿಸಿ ಮರುದಿನವೇ ಟ್ರ್ಯಾಕ್‌ಗೆ ಹೋಗುವವರಿದ್ದಾರೆ. ಅದು ದುಡ್ಡಿಗೆ ಬೆಂಕಿ ಹಚ್ಚುವ ಕೆಲಸ. ಸುಮಾರು 8 ಮಿ.ಮೀ. ಎತ್ತರದ ಹೊಸ ಟ್ರೆಡ್ ತಿರುವಿನಲ್ಲಿ ಅತ್ತಿತ್ತ ಬಾಗಿ ಬಾಗಿ ಒಳಗಿನಿಂದಲೇ ಕಾಯುತ್ತದೆ, ತುಂಡು ತುಂಡಾಗಿ ಕಿತ್ತು ಬರುತ್ತದೆ. ಮೊದಲು ಒಂದು ಸಾವಿರ ಕಿ.ಮೀ.ಯಾದರೂ ರಸ್ತೆಯ ಮೇಲೆ ಓಡಲಿ. 5-6 ಮಿ.ಮೀ.ಗೆ ಬಂದಾಗ ಟ್ರ್ಯಾಕ್‌ಗೆ ಅದು ಹದವಾದ ಸ್ಥಿತಿ. 4ಕ್ಕೆ ಇಳಿದ ಮೇಲೆ ಮಳೆಗಾಲದ ಪ್ರಯಾಣ ಬೇಡ.

ಈಗ ಯಾರೂ ಕೇಳದ, ಆದರೆ ಎಲ್ಲಕ್ಕಿಂತ ಮುಖ್ಯವಾದ ವಿಷಯ: ಹವಾ. ಟೈರಿಗೆ ಐವತ್ತು ಸಾವಿರ ಸುರಿಯುವವರು ಒಂದು ಸಾವಿರದ ಒಳ್ಳೆಯ ಗೇಜ್ ಕೊಳ್ಳುವುದಿಲ್ಲ. ಟೈರ್ ಒಳಗಿನ ಗಾಳಿ 10 ಡಿಗ್ರಿ ಕಾದರೆ ಒತ್ತಡ ಸುಮಾರು ಒಂದೂವರೆ ಪಿಎಸ್ಐ ಏರುತ್ತದೆ. ಬೆಳಿಗ್ಗೆ 30 ಡಿಗ್ರಿಯಲ್ಲಿ 32 ಪಿಎಸ್ಐ ಇದ್ದದ್ದು, ಟ್ರ್ಯಾಕ್‌ನಲ್ಲಿ 80 ಡಿಗ್ರಿ ಮುಟ್ಟಿದಾಗ 39-40 ಆಗಿರುತ್ತದೆ. ಆಗ ಟ್ರೆಡ್ ನಡುವೆ ಉಬ್ಬಿ, ಅಂಚುಗಳು ನೆಲ ಬಿಟ್ಟು, ಹಿಡಿತ ಹೋಗುತ್ತದೆ. 'ಟೈರ್ ಚಲೋ ಇಲ್ಲ' ಎಂದು ಬರೆಯುವವರಲ್ಲಿ ಬಹಳ ಜನರದ್ದು ಇದೇ ಕಥೆ. ಟ್ರ್ಯಾಕ್‌ನಲ್ಲಿ ತಣ್ಣಗಿರುವಾಗ 27ಕ್ಕೆ ಇಟ್ಟರೆ ಕಾದಾಗ 34ರ ಹತ್ತಿರ ನಿಲ್ಲುತ್ತದೆ. ಮೊದಲ ಸೆಷನ್ ಮುಗಿಸಿ ಬಂದು ಎರಡು ನಿಮಿಷದೊಳಗೆ ನಾಲ್ಕೂ ಟೈರ್ ಅಳೆಯಿರಿ, 34ಕ್ಕಿಂತ ಹೆಚ್ಚಿರುವುದನ್ನು ಅಲ್ಲೇ ಇಳಿಸಿ. ಬಲ ತಿರುವು ಹೆಚ್ಚಿರುವ ಸರ್ಕಿಟ್‌ನಲ್ಲಿ ಎಡಗಡೆಯವು ಹೆಚ್ಚು ಕಾಯುತ್ತವೆ. ನಿಮ್ಮದು ಮುಂದಿನ ಗಾಲಿ ಎಳೆಯುವ ಕಾರು, ಅಲ್ಲಿ ಮುಂದಿನ ಎಡ ಟೈರಿನ ಮೇಲೇ ಎಲ್ಲ ಭಾರ ಬೀಳುತ್ತದೆ. ನಾಲ್ಕಕ್ಕೂ ಒಂದೇ ಅಂಕಿ ಇಟ್ಟು ಸುಮ್ಮನಾಗಬೇಡಿ.

ಅಂಕಿ ಸರಿಯೋ ಅಲ್ಲವೋ ಎಂದು ತಿಳಿಯಲು ಬಿಳಿ ಬೂಟ್ ಪಾಲಿಶ್ ಸಾಕು. ಟ್ರೆಡ್ ಅಂಚಿನಿಂದ ಸೈಡ್‌ವಾಲ್ ಕಡೆಗೆ ಎರಡು ಬೆರಳು ಅಗಲದ ಪಟ್ಟಿ ಬಳಿದುಕೊಳ್ಳಿ. ಹೆಚ್ಚಿನ ಟೈರ್‌ಗಳ ಭುಜದ ಮೇಲೆ ಸಣ್ಣದೊಂದು ತ್ರಿಕೋನದ ಗುರುತು ಇರುತ್ತದೆ. ಪಾಲಿಶ್ ಆ ತ್ರಿಕೋನದ ತುದಿಯ ತನಕ ಉಜ್ಜಿ ಹೋಗಿದ್ದರೆ ಹವಾ ಸರಿ. ಅದನ್ನೂ ದಾಟಿ ಸೈಡ್‌ವಾಲ್ ಮೇಲೆ ಉಜ್ಜಿದ್ದರೆ ಕಡಿಮೆ, ಅಲ್ಲಿಗೆ ಮುಟ್ಟದೆ ಬಿಳಿ ಹಾಗೇ ಉಳಿದಿದ್ದರೆ ಹೆಚ್ಚು. ಮೈ ಕೂಡ ನೋಡಿ. ಶಾಲೆಯ ರಬ್ಬರ್ ಉಜ್ಜಿದಾಗ ಸುತ್ತಿಕೊಂಡು ಬರುವ ಎಳೆಗಳಂಥವು ಟೈರ್ ಮೇಲೆ ಎದ್ದಿದ್ದರೆ, ಕಾಯುವ ಮುಂಚೆಯೇ ಜೋರಾಗಿ ತಿರುಗಿಸಿದ್ದೀರಿ. ಗುಳ್ಳೆ ಎದ್ದಿದ್ದರೆ ಅತಿಯಾಗಿ ಕಾದಿದೆ, ಮುಂದಿನ ಸೆಷನ್ ಬಿಟ್ಟುಬಿಡಿ. ಹೊರ ಅಂಚು ಮಾತ್ರ ತಿಂದಿದ್ದರೆ ಅದು ಟೈರಿನ ತಪ್ಪಲ್ಲ. ಕಂಪನಿ ಕೊಟ್ಟ ಕ್ಯಾಂಬರ್ (ಗಾಲಿ ಒಳಕ್ಕೆ-ಹೊರಕ್ಕೆ ವಾಲಿರುವ ಕೋನ) ರಸ್ತೆಗೆ ಇರುವಂಥದ್ದು, ಟ್ರ್ಯಾಕ್‌ಗೆ ಸಾಲದು. ಊರಿಗೆ ಬಂದ ಮೇಲೆ ಮುಂದಿನವನ್ನು ಹಿಂದಕ್ಕೆ ಬದಲಿಸಿ.

ಪ್ರತಿ ಸೆಷನ್ನಿನ ಕೊನೆಯ ಸುತ್ತು ನಿಧಾನವಾಗಿರಲಿ, ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಸಂಜೆ ಹೊರಡುವ ಮುಂಚೆ, ಟೈರ್ ಪೂರ್ತಿ ತಣ್ಣಗಾದ ಮೇಲೆ, ಕಾರಿನ ಸ್ಟಿಕ್ಕರ್ ಹೇಳುವಷ್ಟು ಹವಾ ತುಂಬಿಸಿ. ಇದನ್ನು ಮರೆತರೆ ಬೆಳಿಗ್ಗೆ ಇಳಿಸಿದ 27ರಲ್ಲೇ, ಲಗೇಜ್ ಸಮೇತ, 700 ಕಿ.ಮೀ. ಹೆದ್ದಾರಿ ಓಡಿಸುತ್ತೀರಿ. ಟ್ರ್ಯಾಕ್‌ನಲ್ಲಿ ಬದುಕಿದ ಟೈರ್ ಹಿರಿಯೂರಿನ ಹತ್ತಿರ ಒಡೆಯುವುದು ಹೀಗೆ. ಸಣ್ಣ ಕಂಪ್ರೆಸರ್ ಡಿಕ್ಕಿಯಲ್ಲಿ ಇರಲಿ, ನಟ್‌ಗಳನ್ನು ಕೈಪಿಡಿ ಹೇಳಿದ ಟಾರ್ಕ್‌ಗೆ ಮತ್ತೊಮ್ಮೆ ಬಿಗಿಸಿ.

ಸೆಮಿ ಸ್ಲಿಕ್ ಬೇಕೇ ಬೇಕು ಎಂದು ಹಟವಿದ್ದರೆ ಇನ್ನೊಂದು ಸೆಟ್ ಡಿಸ್ಕ್ ಕೊಳ್ಳಿ, ಆ ಗಾಲಿಗಳನ್ನು ಹೇರಿಕೊಂಡು ಹೋಗಿ ಅಲ್ಲಿ ಬದಲಿಸಿ. ರಸ್ತೆಗೆ ರಸ್ತೆಯ ಟೈರ್.

ಪ್ರಶ್ನೆ: ಬ್ಯಾಸಗಿಯೊಳಗ ಟೈರ್ ಒಡೀಬಾರದು ಅಂದ್ರ ಹವಾ ಮೂರು-ನಾಲ್ಕು ಪಾಯಿಂಟ್ ಕಡಿಮಿ ಇಡಬೇಕಂತ ಪಂಕ್ಚರ್ ಅಂಗಡ್ಯಾಗ ಹೇಳತಾರ. ಖರೇ ಏನ್ರಿ?
– ಗದಗ

ಉತ್ತರ: ಸುಳ್ಳು, ಅದೂ ಜೀವ ತೆಗೆಯುವ ಸುಳ್ಳು. ಹವಾ ಕಡಿಮೆ ಇದ್ದರೆ ಗಾಲಿ ಸುತ್ತಿದಂತೆಲ್ಲ ಸೈಡ್‌ವಾಲ್ ಹೆಚ್ಚು ಮಡಚುತ್ತದೆ. ಆ ಮಡಚುವಿಕೆಯೇ ಶಾಖ ಹುಟ್ಟಿಸುತ್ತದೆ, ಒಳಗಿನ ಪದರಗಳು ಬಿಟ್ಟುಕೊಳ್ಳುತ್ತವೆ, ಕೊನೆಗೆ ಒಡೆಯುತ್ತದೆ. ಬಿಸಿಲಿಗೆ ಏರುವ ಎರಡು-ಮೂರು ಪಾಯಿಂಟ್ ಲೆಕ್ಕ ಹಾಕಿಯೇ ಕಂಪನಿ ತಣ್ಣಗಿನ ಒತ್ತಡ ಗೊತ್ತುಮಾಡಿರುತ್ತದೆ. ಬೆಳಿಗ್ಗೆ, ಗಾಡಿ ಹೊರಡಿಸುವ ಮುಂಚೆ ಅಳೆಯಿರಿ. ಲಕ್ಕುಂಡಿ ದಾಟಿ ಬಂದು ಕಾದ ಟೈರಿನಿಂದ ಹವಾ ಬಿಡಿಸಬೇಡಿ. ಮೇಲೆ ನಾನು ಹೇಳಿದ 27 ಟ್ರ್ಯಾಕ್‌ನ ಇಪ್ಪತ್ತು ನಿಮಿಷಕ್ಕೆ ಮಾತ್ರ. ಅದನ್ನು ಇಲ್ಲಿಗೆ ಎಳೆದು ತರಬೇಡಿ.

ಪ್ರಶ್ನೆ: ನನ್ನ ಡ್ಯೂಕ್ 390ಗೆ ಹಿಂದ 150 ತಗದು 160 ಹಾಕಸಿದ್ರ ತಿರುವಿನ್ಯಾಗ ಗ್ರಿಪ್ ಜಾಸ್ತಿ ಸಿಗತದೇನು?
– ಸಪ್ತಾಪುರ, ಧಾರವಾಡ

ಉತ್ತರ: ಸಿಗುವುದಿಲ್ಲ, ಇದ್ದದ್ದೂ ಹೋಗುತ್ತದೆ. 150/60 ಆರ್17ಕ್ಕೆಂದು ಮಾಡಿದ ರಿಮ್ ಮೇಲೆ 160 ಕೂರಿಸಿದರೆ ಅಂಚುಗಳು ಒಳಗೆ ಹಿಸುಕಿ, ಟೈರಿನ ಬೆನ್ನು ಚೂಪಾಗುತ್ತದೆ. ಬೈಕ್ ವಾಲಿಸಿದಾಗ ನೆಲ ಮುಟ್ಟುವ ಜಾಗ ಕಡಿಮೆಯಾಗಿ, ವಾಲುವುದೂ ನಿಧಾನವಾಗುತ್ತದೆ. ಅದೇ ಅಳತೆಯಲ್ಲಿ ಒಳ್ಳೆಯ ಸ್ಪೋರ್ಟ್ ರೇಡಿಯಲ್ ಜೋಡಿ ಹಾಕಿಸಿ, ಮುಂದೆ-ಹಿಂದೆ ಎರಡೂ ಒಂದೇ ಮಾದರಿ. ಮೊದಲ 150-200 ಕಿ.ಮೀ. ಜೋರಾಗಿ ವಾಲಿಸಬೇಡಿ, ಹೊಸ ಟೈರಿನ ಮೈ ಜಾರುತ್ತದೆ. ಹಿಂದಿನದು ದಪ್ಪ ಕಾಣಬೇಕು ಎಂಬುದಷ್ಟೇ ಆಸೆಯಾದರೆ, ಅದಕ್ಕೆ ನಾನು ಸಲಹೆ ಕೊಡುವುದಿಲ್ಲ.

ಪ್ರಶ್ನೆ: ನೈಟ್ರೋಜನ್ ತುಂಬಿಸಿದರೆ ಟ್ರ್ಯಾಕ್‌ನಲ್ಲಿ ಒತ್ತಡ ಏರುವುದಿಲ್ಲವಂತೆ?
– ರಾಣೆಬೆನ್ನೂರು

ಉತ್ತರ: ಏರುತ್ತದೆ. ಸಾಧಾರಣ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ತೊಂದರೆ ಕೊಡುವುದು ಕಂಪ್ರೆಸರ್ ಟ್ಯಾಂಕಿನ ನೀರು, ಅದನ್ನು ದಿನಾ ಬಸಿಯುವ ಅಂಗಡಿಗೆ ಹೋಗಿ.

ಪ್ರಶ್ನೆ: ಹಳೆ ಟೈರ್ ಮೇಲೆ ರೇಸಿಂಗ್ ಡಿಸೈನಿನ ರಿಮೋಲ್ಡ್ ಮಾಡಿಕೊಡತೀನಿ, ಮೆತ್ತಗಾಗೋ ಎಣ್ಣಿನೂ ಹಚ್ಚತೀನಿ ಅಂತಾರ ಒಬ್ರು. ಅರ್ಧ ರೇಟಿಗೆ ಆಗತದ.
– ಹಾವೇರಿ

ಉತ್ತರ: ಅಲ್ಲಿಂದ ಎದ್ದು ಬನ್ನಿ. ಲಾರಿಯ ರಿಮೋಲ್ಡ್ ಬೇರೆ ಮಾತು. ಜೋರಾಗಿ ಓಡುವ ಕಾರಿನ ಟೈರಿಗೆ ಹೊಸ ಚರ್ಮ ಅಂಟಿಸಿದರೆ ಶಾಖಕ್ಕೆ ಅದು ಪಟ್ಟಿಯಾಗಿ ಕಿತ್ತು ಬರುತ್ತದೆ. ಎಣ್ಣೆಯ ಹೆಸರಲ್ಲಿ ಹಚ್ಚುವ ದ್ರಾವಣ ಮೇಲಿನ ಪದರವನ್ನು ನಾಲ್ಕು ದಿನ ಮೆತ್ತಗೆ ಮಾಡಿ, ರಬ್ಬರನ್ನೇ ಕೊಳೆಸುತ್ತದೆ. ಜಪಾನ್‌ನಿಂದ ಬಂದದ್ದು ಎಂದು ಮಾರುವ ಹಳೆಯ ಟೈರ್‌ಗಳದ್ದೂ ಇದೇ ಗತಿ. 2020ರ ಜೂನ್‌ನಿಂದ ಹೊಸ ಟೈರ್ ಆಮದಿಗೇ ಪರವಾನಗಿ ಬೇಕು. ಐಎಸ್ಐ ಗುರುತಿಲ್ಲದ ಟೈರಿಗೆ ಕೈ ಹಾಕಬೇಡಿ.

ಪ್ರಶ್ನೆ: ಎರಡೇ ಹೊಸ ಟೈರ್ ಹಾಕಿಸುವಷ್ಟು ದುಡ್ಡಿದೆ. ಮುಂದಕ್ಕೋ ಹಿಂದಕ್ಕೋ?
– ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಹಿಂದಕ್ಕೆ, ಯಾವ ಕಾರಾದರೂ. ನೀರಿನ ಮೇಲೆ ಮುಂದಿನ ಗಾಲಿ ಜಾರಿದರೆ ಆಕ್ಸಿಲರೇಟರ್ ಬಿಟ್ಟು ಸುಧಾರಿಸಿಕೊಳ್ಳಬಹುದು, ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ಆದರೆ ಹೀಗೆ ಎರಡು ಹೊಸ, ಎರಡು ಹಳೆಯ ಟೈರ್ ಹಾಕಿಕೊಂಡು ಟ್ರ್ಯಾಕ್‌ಗೆ ಹೋಗಬೇಡಿ.

ಪ್ರಶ್ನೆ: ಪಂಕ್ಚರ್ ತಿದ್ದಿಸಿದ ಟೈರ್ ಟ್ರ್ಯಾಕ್‌ಗೆ ನಡೆಯುತ್ತದೆಯೇ?
– ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಹೊರಗಿನಿಂದ ರಬ್ಬರ್ ಪಟ್ಟಿ ತುರುಕಿದ್ದು ಊರು ಮುಟ್ಟಲು ಮಾತ್ರ. ಟ್ರೆಡ್‌ನ ನಡುಭಾಗದಲ್ಲಿ, 6 ಮಿ.ಮೀ.ಗಿಂತ ಸಣ್ಣ ತೂತಿಗೆ, ಟೈರ್ ಬಿಚ್ಚಿ ಒಳಗಿನಿಂದ ಮಶ್ರೂಮ್ ಪ್ಯಾಚ್ (ಅಣಬೆ ಆಕಾರದ ತೇಪೆ) ಹಾಕಿಸಿದ್ದರೆ ರಸ್ತೆಗೆ ಸರಿ. ಟ್ರ್ಯಾಕ್‌ಗೆ ಅದನ್ನೂ ನಾನು ಒಪ್ಪುವುದಿಲ್ಲ. ಸೈಡ್‌ವಾಲ್ ತೂತಾದ ಟೈರನ್ನು ಸ್ಟೆಪ್ನಿಯಾಗಿಯೂ ಇಟ್ಟುಕೊಳ್ಳಬೇಡಿ.