ಒಳಗೆ ಏನಿದೆ ಅಂತ ಕೇಳುವುದೂ ಪಾಠವೇ

ಓದುಗರೊಬ್ಬರ ಪತ್ರ:

“ಕಂಪ್ಯೂಟರಿನ ಒಳಗೆ ಏನು ನಡೆಯುತ್ತದೆ ಅನ್ನುವುದು ಪ್ರತಿ ಮಗುವಿಗೂ ಗೊತ್ತಿರಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನನ್ನ ಮಗಳು ಎಂಟನೇ ಕ್ಲಾಸು. ಶಾಲೆಯವರೇ ಟ್ಯಾಬ್ ಕೊಟ್ಟಿದ್ದಾರೆ. ಅದರಲ್ಲಿ ಚೆಂದವಾಗಿ ಸ್ಲೈಡ್ ಮಾಡುತ್ತಾಳೆ, ವಿಡಿಯೋ ಎಡಿಟ್ ಮಾಡುತ್ತಾಳೆ. ಇಷ್ಟು ಸಾಲದೇ? ನಾನು ಎಷ್ಟೋ ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಒಂದು ದಿನವೂ ಎಂಜಿನ್ ಬಿಚ್ಚಿ ನೋಡಿಲ್ಲ. ಈಗಂತೂ ಎಐ ತಾನೇ ಕೋಡ್ ಬರೆದು ಕೊಡುತ್ತೆ. ಇನ್ನು ಪ್ರೈವಸಿ ವಿಷಯ. ತಪ್ಪು ಮಾಡದವರು ಯಾಕೆ ಹೆದರಬೇಕು? ಇದೆಲ್ಲ ಕೆಲವು ಎಂಜಿನಿಯರುಗಳ ಚಿಂತೆ ಅಂತ ನನಗೆ ಅನ್ನಿಸುತ್ತದೆ. ಬೇರೆ ಏನಾದರೂ ಇದ್ದರೆ ತಿಳಿಸಿ.”

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ನಾಲ್ಕು ಸಾಲು ಬರೆದು ಮುಗಿಸೋಕೆ ಮನಸ್ಸಾಗಲಿಲ್ಲ. ಇದೇ ಪ್ರಶ್ನೆಯನ್ನು ಬಹಳ ಜನ ಸುತ್ತಿ ಬಳಸಿ ಕೇಳಿದ್ದಾರೆ. ನೀವು ನೇರವಾಗಿ ಕೇಳಿದ್ದೀರಿ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನಿಮ್ಮ ಕಾರಿನಿಂದಲೇ ಶುರು ಮಾಡುತ್ತೇನೆ. ನೀವು ಎಂಜಿನ್ ಬಿಚ್ಚಬೇಕಾಗಿಲ್ಲ, ಒಪ್ಪಿದೆ. ಆದರೆ ಕಾರು ಕೆಟ್ಟರೆ ನಿಮಗೆ ನಂಬಿಕೆ ಇರುವ ಮೆಕ್ಯಾನಿಕ್ ಹತ್ತಿರ ಹೋಗುತ್ತೀರಿ. ಅವನು ಬಾನೆಟ್ ಎತ್ತಿ ನೋಡಿ ಏನಾಗಿದೆ ಅಂತ ಹೇಳುತ್ತಾನೆ. ನಾವು ನೋಡದಿದ್ದರೂ ನಮ್ಮ ಪರವಾಗಿ ನೋಡುವವರು ಇದ್ದಾರೆ ಅನ್ನುವ ಧೈರ್ಯದಲ್ಲೇ ನೀವು ಇಷ್ಟು ವರ್ಷ ನಿಶ್ಚಿಂತೆಯಿಂದ ಕಾರು ಓಡಿಸಿದ್ದು. ಈಗಿನ ಕಾರಿನಲ್ಲಿ ಪೆಟ್ಟು ಬಿದ್ದಿರುವುದು ಆ ಧೈರ್ಯಕ್ಕೇ. ಯಾಕೆಂದರೆ ಕಾರಿನ ಒಳಗೂ ಈಗ ಕಂಪ್ಯೂಟರ್ ಕೂತಿದೆ, ಒಂದಲ್ಲ, ಹತ್ತಾರು.

2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಫೋಕ್ಸ್‌ವ್ಯಾಗನ್ ಕಂಪನಿಗೆ ಒಂದು ನೋಟಿಸ್ ಕೊಟ್ಟಿತು. ಕಂಪನಿಯ ಡೀಸೆಲ್ ಕಾರುಗಳ ಸಾಫ್ಟ್‌ವೇರ್ ಏನು ಮಾಡುತ್ತಿತ್ತು ಗೊತ್ತಾ? ಸ್ಟೀರಿಂಗ್ ಹೇಗೆ ತಿರುಗುತ್ತಿದೆ, ವೇಗ ಎಷ್ಟಿದೆ, ಎಂಜಿನ್ ಎಷ್ಟು ಹೊತ್ತಿನಿಂದ ಓಡುತ್ತಿದೆ ಅಂತ ನೋಡಿ, ಕಾರು ಹೊಗೆ ಪರೀಕ್ಷೆಗೆ ನಿಂತಿದೆಯೋ ರಸ್ತೆಯಲ್ಲಿದೆಯೋ ಅಂತ ತಿಳಿದುಕೊಳ್ಳುತ್ತಿತ್ತು. ಪರೀಕ್ಷೆ ಅಂತ ಗೊತ್ತಾದರೆ ಹೊಗೆ ಹತೋಟಿಯಲ್ಲಿ. ರಸ್ತೆಗೆ ಇಳಿದರೆ ನೈಟ್ರೋಜನ್ ಆಕ್ಸೈಡುಗಳು ಮಿತಿಗಿಂತ 40 ಪಟ್ಟಿನವರೆಗೂ ಜಾಸ್ತಿ. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ವಾಹನಗಳಲ್ಲಿ ಇಂಥ ಸಾಫ್ಟ್‌ವೇರ್ ಇತ್ತು ಅಂತ ಕಂಪನಿಯೇ ಒಪ್ಪಿಕೊಂಡಿತು. ಅಷ್ಟು ಜನ ಮಾಲೀಕರಲ್ಲಿ ಒಬ್ಬರಿಗೂ ತಮ್ಮ ಕಾರು ತಮ್ಮ ಕೈಯಲ್ಲೇ ಇದ್ದು ಸುಳ್ಳು ಹೇಳುತ್ತಿದೆ ಅಂತ ಗೊತ್ತಿರಲಿಲ್ಲ.

ಇದು ಹೊರಬಿದ್ದದ್ದೂ ಕೋಡ್ ಓದಿ ಅಲ್ಲ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಳೆಯುವ ಉಪಕರಣವನ್ನು ಕಾರಿಗೇ ಕಟ್ಟಿಕೊಂಡು ನಿಜವಾದ ರಸ್ತೆಯಲ್ಲಿ ಓಡಾಡಿದರು. ಪ್ರಯೋಗಾಲಯದ ಲೆಕ್ಕಕ್ಕೂ ರಸ್ತೆಯ ಲೆಕ್ಕಕ್ಕೂ ತಾಳೆಯಾಗಲಿಲ್ಲ. 2014ರಲ್ಲಿ ಅವರ ವರದಿ ಬಂತು. ಅಲ್ಲಿಂದ ಎಳೆ ಹಿಡಿದು ಹೋದಾಗ ಸಾಫ್ಟ್‌ವೇರಿನ ಕಥೆ ಬಯಲಾಯಿತು.

ನನ್ನನ್ನು ಇವತ್ತಿಗೂ ಕಾಡುವುದು ಇನ್ನೊಂದು ಸಂಗತಿ. ವಾಹನದ ಮಾಲೀಕರು, ಸಂಶೋಧಕರು ಅದರ ಸಾಫ್ಟ್‌ವೇರನ್ನು ತೆರೆದು ನೋಡಬಹುದೇ ಅನ್ನುವ ಪ್ರಶ್ನೆ ಅದೇ ವರ್ಷ ಅಮೆರಿಕದ ಕಾಪಿರೈಟ್ ಕಚೇರಿಯ ಮುಂದಿತ್ತು. ಅಲ್ಲಿನ 1998ರ ಡಿಜಿಟಲ್ ಮಿಲೇನಿಯಂ ಕಾಪಿರೈಟ್ ಕಾಯ್ದೆ ಸಾಫ್ಟ್‌ವೇರನ್ನು ಯಾರೂ ತೆರೆಯದ ಹಾಗೆ ತಯಾರಕರು ಹಾಕಿದ ಡಿಜಿಟಲ್ ಬೀಗ ಒಡೆಯುವುದಕ್ಕೇ ಅಡ್ಡಿ ಹಾಕುತ್ತದೆ. ವಿನಾಯಿತಿ ಬೇಕಿದ್ದರೆ ಮೂರು ವರ್ಷಕ್ಕೊಮ್ಮೆ ಕೇಳಿಕೊಳ್ಳಬೇಕು. ಕಾರು ತಯಾರಕರು ಕೊಡಬೇಡಿ ಅಂದರು. ಜುಲೈನಲ್ಲಿ ಪರಿಸರ ಸಂಸ್ಥೆಯೂ ಪತ್ರ ಬರೆದು ಕೊಡಬೇಡಿ ಅಂದಿತು. ಜನ ಸಾಫ್ಟ್‌ವೇರ್ ತಿದ್ದಿ ಹೊಗೆ ಜಾಸ್ತಿ ಮಾಡಿಯಾರು ಅನ್ನುವುದು ಅದರ ಭಯ. ಹೊಗೆ ಜಾಸ್ತಿ ಮಾಡುವ ಸಾಫ್ಟ್‌ವೇರ್ ಆ ಹೊತ್ತಿಗಾಗಲೇ ಕಾರ್ಖಾನೆಯಿಂದಲೇ ಹೊರಟು ಬಂದು ಲಕ್ಷಾಂತರ ಕಾರುಗಳಲ್ಲಿ ಓಡುತ್ತಿತ್ತು. ನೋಟಿಸ್ ಹೊರಬಂದ ಮರುತಿಂಗಳು, ಅಕ್ಟೋಬರಿನಲ್ಲಿ, ವಿನಾಯಿತಿ ಸಿಕ್ಕಿತು.

ಹಾಗಾದರೆ ಎಲ್ಲರೂ ಕೋಡ್ ಓದಬೇಕಾ? ಬೇಡ. ನಾನು ಹೇಳುವುದು ಎರಡೇ. ಓದಬಲ್ಲವರಿಗೆ ತೆರೆದು ನೋಡುವ ಹಕ್ಕು ಇರಬೇಕು. ಮಿಕ್ಕವರಿಗೆ ‘ಇಲ್ಲಿ ಏನೋ ಸರಿಯಿಲ್ಲ, ಯಾರಾದರೂ ನೋಡಿ’ ಅನ್ನುವಷ್ಟು ತಿಳಿವಳಿಕೆ ಇರಬೇಕು. ಹಕ್ಕು ಕೊಟ್ಟು ಕಲಿಸದೇ ಇದ್ದರೆ ಆ ಹಕ್ಕನ್ನು ಯಾರೂ ಬಳಸುವುದಿಲ್ಲ. ಕಲಿಸಿ ಬೀಗ ಹಾಕಿಟ್ಟರೆ ಕಲಿತದ್ದು ಪರೀಕ್ಷೆಗೆ ಮಾತ್ರ. ಡಿಜಿಟಲ್ ಹಕ್ಕಿನ ಮಾತು, ಕಂಪ್ಯೂಟರ್ ಪಾಠದ ಮಾತು ಎರಡನ್ನೂ ನಾವು ಒಂದೇ ಉಸಿರಿನಲ್ಲಿ ಆಡುವುದು ಇದಕ್ಕೇ.

ಈಗ ನಿಮ್ಮ ಮಗಳ ಟ್ಯಾಬ್. ಒಳಗೆ ಕೈ ಹಾಕದ ಹಾಗೆ ಶಾಲೆ ಅದಕ್ಕೆ ಬೀಗ ಹಾಕಿದ್ದರೂ ನಾನು ದೂರುವುದಿಲ್ಲ. ಒಂದು ಕ್ಲಾಸಿನ ತುಂಬ ಮಕ್ಕಳು, ಒಬ್ಬರೇ ಟೀಚರು. ಅವರ ಕಷ್ಟ ಅವರಿಗೇ ಗೊತ್ತು. ಸ್ಲೈಡ್ ಮಾಡುವುದು, ವಿಡಿಯೋ ಎಡಿಟ್ ಮಾಡುವುದು ಕೂಡ ಒಳ್ಳೆಯ ಕೆಲಸವೇ. ಆದರೆ ಅದನ್ನೇ ‘ಕಂಪ್ಯೂಟರ್ ಶಿಕ್ಷಣ’ ಅಂತ ಕರೆದು ಅಲ್ಲಿಗೇ ನಿಲ್ಲಿಸಿದರೆ ಏನಾಗುತ್ತೆ ಅಂತ ಇಂಗ್ಲೆಂಡ್ ನೋಡಿದೆ. ಅಲ್ಲಿ 1981ರಲ್ಲಿ ಬಂದ ಬಿಬಿಸಿ ಮೈಕ್ರೋ ಕಂಪ್ಯೂಟರನ್ನು ಆನ್ ಮಾಡಿದರೆ ಸಾಕು, ಬೇಸಿಕ್ ಅನ್ನುವ ಪ್ರೋಗ್ರಾಂ ಬರೆಯುವ ಭಾಷೆ ನಿಮ್ಮ ಅಪ್ಪಣೆಗೆ ಕಾದು ಕೂತಿರುತ್ತಿತ್ತು. ಮಕ್ಕಳು ಅದರಲ್ಲೇ ಬರೆದರು, ಕೆಡಿಸಿದರು, ಮತ್ತೆ ಬರೆದರು. ಆಮೇಲಿನ ವರ್ಷಗಳಲ್ಲಿ ಶಾಲೆಯ ಪಾಠ ಆಫೀಸು ಸಾಫ್ಟ್‌ವೇರ್ ಬಳಸುವುದರ ಕಡೆಗೆ ವಾಲಿಬಿಟ್ಟಿತು. 2012ರಲ್ಲಿ ಅಲ್ಲಿನ ವಿಜ್ಞಾನಿಗಳ ಸಂಸ್ಥೆಯಾದ ರಾಯಲ್ ಸೊಸೈಟಿ ಇದನ್ನು ಕಟುವಾಗಿ ಟೀಕಿಸಿ ವರದಿ ಕೊಟ್ಟಿತು. 2014ರ ಸೆಪ್ಟೆಂಬರಿನಿಂದ ಐದು ವರ್ಷದ ಮಕ್ಕಳಿಂದಲೇ ಶುರುವಾಗುವ ಹೊಸ ಕಂಪ್ಯೂಟಿಂಗ್ ಪಠ್ಯಕ್ರಮ ಬಂತು. ಅದೂ ಸುಲಭಕ್ಕೆ ದಡ ಮುಟ್ಟಲಿಲ್ಲ. ಅದೇ ಸೊಸೈಟಿ 2017ರಲ್ಲಿ ಮತ್ತೆ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಶಾಲೆಗಳು ಪ್ರೌಢ ಹಂತದ ಪರೀಕ್ಷೆಗೆ ಈ ವಿಷಯವನ್ನೇ ಇಟ್ಟಿರಲಿಲ್ಲ. ತೆಗೆದುಕೊಂಡವರಲ್ಲಿ ಹುಡುಗಿಯರು ಐದಕ್ಕೆ ಒಬ್ಬರು. ಪಠ್ಯ ಬದಲಾಯಿಸುವುದು ಬೇಗ ಆಗುತ್ತೆ, ಟೀಚರುಗಳಿಗೆ ತರಬೇತಿ ಕೊಡೋದಕ್ಕೆ ದುಡ್ಡೂ ವರ್ಷಗಳೂ ಬೇಕು.

ಕೋಡ್ ಬರೆಯೋದರಿಂದ ಮಗುವಿಗೆ ಏನು ಸಿಗುತ್ತೆ? ಕೆಲಸ ಸಿಗುತ್ತೆ ಅನ್ನುವ ಉತ್ತರ ನನಗೆ ಹಿಡಿಸುವುದಿಲ್ಲ. ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. 1967ರಲ್ಲಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫೋಯರ್‌ಜೈಗ್ ಅನ್ನುವ ಮೂವರು ಕಂಪ್ಯೂಟರ್ ಸಂಶೋಧಕರು ಸೇರಿ ಮಕ್ಕಳಿಗಾಗಿ ಲೋಗೋ ಅನ್ನುವ ಭಾಷೆ ಮಾಡಿದರು. ಮುಂದೆ ಅದಕ್ಕೆ, ಪರದೆಯ ಮೇಲೆ ಹೇಳಿದ ಹಾಗೆ ಓಡಾಡುವ ಒಂದು ಆಮೆ ಸೇರಿಕೊಂಡಿತು. ನೂರು ಹೆಜ್ಜೆ ಮುಂದೆ ಹೋಗು ಅಂದರೆ ಗೆರೆ ಎಳೆಯುತ್ತಾ ಹೋಗುತ್ತೆ. ಬಲಕ್ಕೆ 90 ಡಿಗ್ರಿ ತಿರುಗು ಅಂದರೆ ತಿರುಗುತ್ತೆ. ಇದನ್ನೇ ನಾಲ್ಕು ಸಲ ಮಾಡು ಅಂದರೆ ಚೌಕ ಸಿದ್ಧ. ಮಕ್ಕಳಿಗೆ ಇದು ತಕ್ಷಣ ಬರುತ್ತೆ.

ಈಗ ಸಮಬಾಹು ತ್ರಿಕೋನ ಬರೆಸಿ. ಒಳಗಿನ ಕೋನ 60 ಡಿಗ್ರಿ ಅಂತ ಮಗು ಗಣಿತದ ಕ್ಲಾಸಿನಲ್ಲಿ ಕಲಿತಿರುತ್ತೆ. ಧೈರ್ಯವಾಗಿ ‘ನೂರು ಹೆಜ್ಜೆ, ಬಲಕ್ಕೆ 60, ಮೂರು ಸಲ’ ಅಂತ ಬರೆಯುತ್ತೆ. ಆಮೆ ಮೂರು ಗೆರೆ ಎಳೆದು ಎಲ್ಲೋ ನಿಂತುಬಿಡುತ್ತೆ. ತ್ರಿಕೋನ ಮುಚ್ಚಿಕೊಳ್ಳುವುದೇ ಇಲ್ಲ. ಮಗು ಎದ್ದು ನಿಂತು ತಾನೇ ಆಮೆಯಾಗಿ ನೆಲದ ಮೇಲೆ ನಡೆದು ನೋಡಿದರೆ ಗೊತ್ತಾಗುತ್ತೆ: ಮೂಲೆಯಲ್ಲಿ ತಿರುಗಬೇಕಾದದ್ದು 60 ಅಲ್ಲ, 120. ಒಳಗಿನ ಕೋನ ಬೇರೆ, ತಿರುಗುವ ಕೋನ ಬೇರೆ. ಸುಮ್ನೆ ಮೂರು ಸಲ ಅಂದದ್ದನ್ನು ಆರು ಸಲ ಅಂತ ಮಾಡಿ ನೋಡಿದ ಮಗುವಿಗೆ ಷಟ್ಕೋನ ಸಿಕ್ಕಿಬಿಡುತ್ತೆ. ಇಲ್ಲಿ ತಪ್ಪಿಗೆ ಕೆಂಪು ಶಾಯಿ ಇಲ್ಲ. ಯಂತ್ರ ನಾನು ಹೇಳಿದ್ದನ್ನೇ ಮಾಡಿತು, ನಾನು ಅಂದುಕೊಂಡದ್ದನ್ನಲ್ಲ. ಹಾಗಾದರೆ ನಾನು ಹೇಳಿದ್ದೇನು ಅಂತ ಮಗು ಹಿಂದಕ್ಕೆ ಹೋಗಿ ಹುಡುಕುತ್ತೆ. ಹುಡುಕುವ ಈ ಅಭ್ಯಾಸ ಒಮ್ಮೆ ಬಂದರೆ ಭಾಷೆ ಯಾವುದಾದರೂ, ಯಂತ್ರ ಯಾವುದಾದರೂ ಕೈಬಿಡುವುದಿಲ್ಲ.

ಎಐ ಕೋಡ್ ಬರೆಯುತ್ತೆ, ನಿಜ. ಚೆನ್ನಾಗಿಯೇ ಬರೆಯುತ್ತೆ. ಕ್ಲಾಸಿನ ಸರಾಸರಿ ಅಂಕ ಲೆಕ್ಕ ಹಾಕಿಕೊಡು ಅಂತ ಕೇಳಿ ನೋಡಿ. ಓಡುವ ಕೋಡ್ ಬಂದೇ ಬರುತ್ತೆ. ಆದರೆ ಪರೀಕ್ಷೆಗೆ ಗೈರುಹಾಜರಾದವರ ಹೆಸರಿನ ಮುಂದೆ ಅಂಕಪಟ್ಟಿಯಲ್ಲಿರುವ ಖಾಲಿ ಮನೆಯನ್ನು ಅದು ಏನು ಮಾಡಿತು? ಸೊನ್ನೆ ಅಂತ ಹಿಡಿದುಕೊಂಡಿದ್ದರೆ ಸರಾಸರಿ ಕುಸಿಯುತ್ತೆ. ಬಿಟ್ಟುಬಿಟ್ಟಿದ್ದರೆ ಸರಾಸರಿ ಮೇಲಿರುತ್ತೆ. ಯಾವುದು ಸರಿ ಅನ್ನುವುದು ಶಾಲೆ ತೀರ್ಮಾನಿಸಬೇಕಾದ ಮಾತು. ಎರಡರಲ್ಲೂ ಪರದೆ ಮೇಲೆ ಅಚ್ಚುಕಟ್ಟಾದ ಒಂದು ಸಂಖ್ಯೆ ಬರುತ್ತೆ, ಯಾವ ದೋಷವೂ ಕಾಣುವುದಿಲ್ಲ. ಆ ಖಾಲಿ ಮನೆಯ ಬಗ್ಗೆ ಕೇಳಬೇಕು ಅಂತ ಹೊಳೆಯುವುದು ಒಮ್ಮೆಯಾದರೂ ತಾನೇ ಬರೆದು ಎಡವಿದವರಿಗೆ. ಬರೆಯುವ ಕೆಲಸ ಯಂತ್ರಕ್ಕೆ ಹೋದಷ್ಟೂ ಓದಿ ಪರೀಕ್ಷಿಸುವ ಕೆಲಸ ನಮ್ಮ ಪಾಲಿಗೆ ಜಾಸ್ತಿಯಾಗುತ್ತಿದೆ.

ಕೊನೆಯದಾಗಿ, ತಪ್ಪು ಮಾಡದವರಿಗೆ ಯಾಕೆ ಭಯ ಅಂದಿರಿ. ಈ ಮಾತನ್ನು ನಾನು ಒಪ್ಪಲಾರೆ. 2010ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಲೋವರ್ ಮೆರಿಯನ್ ಶಾಲಾ ಜಿಲ್ಲೆಯ ಮೇಲೆ ಒಂದು ಕುಟುಂಬ ಮೊಕದ್ದಮೆ ಹೂಡಿತು. ಶಾಲೆ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಟ್ಟು ಮನೆಗೆ ಕಳಿಸಿತ್ತು. ಕಳುವಾದರೆ ಹುಡುಕಲು ಅಂತ ಒಳಗೆ ಒಂದು ಸಾಫ್ಟ್‌ವೇರ್ ಇತ್ತು. ಅದನ್ನು ಚಾಲೂ ಮಾಡಿದರೆ ಕ್ಯಾಮೆರಾದಿಂದ 15 ನಿಮಿಷಕ್ಕೊಂದು ಫೋಟೋ, ಜೊತೆಗೆ ಪರದೆಯ ಚಿತ್ರ. ಹೀಗೆ ಸಾವಿರಾರು ಚಿತ್ರಗಳು ಸೇರಿದವು. ಒಬ್ಬ ಹುಡುಗ ತನ್ನ ಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದ ಚಿತ್ರವೂ ಅದರಲ್ಲಿತ್ತು. ಅವನನ್ನು ಶಾಲೆಗೆ ಕರೆಸಿ ವಿಚಾರಿಸಿದರು. ಫೋಟೋದಲ್ಲಿ ಅವನ ಕೈಯಲ್ಲಿದ್ದದ್ದು ಮಾದಕ ಮಾತ್ರೆ ಅನ್ನುವ ಅನುಮಾನ. ಅದು ಮಿಠಾಯಿ ಅಂತ ಮನೆಯವರು ಹೇಳಿದರು. ಆ ಹುಡುಗ ಏನು ತಪ್ಪು ಮಾಡಿದ್ದ, ಹೇಳಿ? ಶಾಲೆ ಕೊನೆಗೆ 6.10 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸುವುದು ಕ್ಯಾಮೆರಾ ಪಕ್ಕದ ಪುಟ್ಟ ಹಸಿರು ದೀಪ. ಅದು ಆಗಾಗ ಮಿನುಗಿ ಆರುವುದನ್ನು ಮಕ್ಕಳು ಗಮನಿಸಿದ್ದರು. ಕೇಳಿಯೂ ಇದ್ದರು. ಏನೋ ಸಣ್ಣ ದೋಷ ಅಂತ ಉತ್ತರ ಬಂತು. ಮಕ್ಕಳು ಸುಮ್ಮನಾದರು. ನೋಡುವ ಕಣ್ಣು, ಕೇಳುವ ಬಾಯಿ ಎರಡೂ ಆ ಮಕ್ಕಳಿಗೆ ಇದ್ದವು. ‘ಹಾಗಾದರೆ ಯಾವ ಪ್ರೋಗ್ರಾಂ ಕ್ಯಾಮೆರಾ ಬಳಸುತ್ತಿದೆ, ತೋರಿಸಿ’ ಅಂತ ಎರಡನೇ ಪ್ರಶ್ನೆ ಕೇಳುವಷ್ಟು ಪಾಠ ಇರಲಿಲ್ಲ, ತಾವೇ ತೆರೆದು ನೋಡುವ ಅನುಮತಿಯೂ ಇರಲಿಲ್ಲ. ಇದು ಹಳೇ ಕಥೆ ಅನ್ನಬೇಡಿ. ಸಾಂಕ್ರಾಮಿಕದ ಕಾಲದಲ್ಲಿ 49 ದೇಶಗಳ ಸರ್ಕಾರಗಳು ಮಕ್ಕಳ ಕಲಿಕೆಗೆ ಅಂತ ಶಿಫಾರಸು ಮಾಡಿದ 160ಕ್ಕೂ ಹೆಚ್ಚು ಆಪ್ ಮತ್ತು ಜಾಲತಾಣಗಳನ್ನು ಹ್ಯೂಮನ್ ರೈಟ್ಸ್ ವಾಚ್ ಅನ್ನುವ ಮಾನವ ಹಕ್ಕು ಸಂಘಟನೆ ಪರಿಶೀಲಿಸಿ 2022ರಲ್ಲಿ ವರದಿ ಕೊಟ್ಟಿತು. ಮಕ್ಕಳ ಮಾಹಿತಿಯನ್ನು ಅಪಾಯಕ್ಕೆ ಒಡ್ಡುವಂತೆ ನಡೆದುಕೊಂಡವು ಅವುಗಳಲ್ಲಿ ಶೇ 89.

ಟ್ಯಾಬ್ ವಾಪಸ್ ಕೊಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಮುಂದಿನ ಪೋಷಕರ ಸಭೆಯಲ್ಲಿ ಕೇಳಿ: ಮಗಳು ಬರೆದದ್ದು, ನೋಡಿದ್ದು, ಅವಳ ಫೋಟೋ ಎಲ್ಲಿ ಉಳಿಯುತ್ತೆ, ಯಾರು ನೋಡಬಹುದು, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಶಾಲೆ ಬಿಡುವ ದಿನ ಅವಳು ಮಾಡಿದ ಸ್ಲೈಡು, ವಿಡಿಯೋ ಎಲ್ಲ ಬೇರೆ ಯಂತ್ರದಲ್ಲೂ ತೆರೆಯುವ ಹಾಗೆ ಅವಳ ಕೈಗೆ ಸಿಗುತ್ತಾ? ಬಾಯಿ ಮಾತಿನ ಉತ್ತರ ಸಾಲದು, ಬರಹದಲ್ಲಿ ಕೇಳಿ. ಇನ್ನು ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಅದಕ್ಕೆ ಲಿನಕ್ಸ್ (ಯಾರು ಬೇಕಾದರೂ ತೆರೆದು ನೋಡಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ) ಹಾಕಿಸಿ ಮಗಳಿಗೇ ಬಿಟ್ಟುಕೊಡಿ. ಕೆಟ್ಟರೆ ಕೆಡಲಿ, ಮತ್ತೆ ಹಾಕಬಹುದು. ಅದೂ ಇಲ್ಲವೆಂದರೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಬಿಡುಗಡೆ ಮಾಡಿದ, ಮಕ್ಕಳಿಗೆ ಕೋಡ್ ಬರೆಯಲು ಕಲಿಸುವ ಸ್ಕ್ರ್ಯಾಚ್ ಬ್ರೌಸರಿನಲ್ಲೇ ನಡೆಯುತ್ತೆ, ದುಡ್ಡಿಲ್ಲ. ಅಲ್ಲಿ ಯಾರು ಹಂಚಿಕೊಂಡ ಆಟವಾದರೂ ಸರಿ, ಒಳಗೆ ನೋಡುವುದಕ್ಕೆ ಒಂದು ಬಟನ್ ಇರುತ್ತದೆ. ಒತ್ತಿದರೆ ಆಟದ ಪೂರ್ತಿ ಕೋಡ್ ಕಣ್ಣ ಮುಂದೆ. ಬೇಕಾದ ಹಾಗೆ ಬದಲಾಯಿಸಿ ತನ್ನದೇ ಆಟ ಮಾಡಿಕೊಳ್ಳಬಹುದು. ವಿಡಿಯೋ ಎಡಿಟ್ ಮಾಡುವ ಹುಡುಗಿಗೆ ಇದು ಒಂದು ವಾರದಲ್ಲಿ ಕೈ ಹತ್ತುತ್ತೆ.

ಶಾಲೆಯಿಂದ ಏನು ಉತ್ತರ ಬಂತು ಅಂತ ನಮಗೂ ಬರೆಯಿರಿ. ಹೆಸರು ಬೇಡ ಅಂದರೆ ನಿಮ್ಮದೂ ಶಾಲೆಯದೂ ಹೆಸರು ಬಿಟ್ಟು ಪ್ರಕಟಿಸುತ್ತೇವೆ.

— ಸಂಪಾದಕ